ಒಂದು ಕಾಮವೋ, ಎರಡೋ

"ಒಂದು ಕಾಮ ಬೇಕೋ, ಎರಡೋ?"

ಲಿಸ್ಬನ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಕೇಳಿದಾಕೆ ಬಿಳಿಕೂದಲಿನ, ದಪ್ಪ ಕನ್ನಡಕದ ಹೆಂಗಸು. ಬಂದರಿನಿಂದ ಮೇಲಕ್ಕೆ ಹತ್ತುವ ಕಲ್ಲುಹಾಸಿನ ಓಣಿಯಲ್ಲಿ ಒಂದು ಸಣ್ಣ ಅತಿಥಿಗೃಹದ ಒಡತಿ. "ಊಮ ಕಾಮ, ಓ ದೂಅಶ್?" ಎಂದಳು. ಹೊರಡುವ ಮೊದಲು ಆ ಭಾಷೆಯ ಎಣಿಕೆಯನ್ನಷ್ಟು ಕಲಿತುಕೊಂಡಿದ್ದೆ. ಒಂದು, ಎರಡು ತಿಳಿಯಿತು. ನಡುವಿನ ಪದ ಮಾತ್ರ ನೇರ ಕನ್ನಡದಲ್ಲಿ ಬಂದು ಎದೆಗೆ ಬಡಿಯಿತು. ಪಕ್ಕದಲ್ಲಿ ಮಹಾಂತೇಶ ಬೆನ್ನಿಗೆ ಚೀಲ ಹಾಕಿಕೊಂಡು ನಿಂತಿದ್ದ. ಬಾಗಿಲ ಗಾಜಿನ ಮೇಲೆ ಅಂಗೈಯಷ್ಟು ದೊಡ್ಡ ಕಾಮನಬಿಲ್ಲನ್ನು ಅಂಟಿಸಿದ್ದರು. ಆ ಗುರುತನ್ನು ಫೋನಿನಲ್ಲಿ ಹುಡುಕಿಯೇ ನಾವು ಆ ಮನೆಯನ್ನು ಆರಿಸಿದ್ದು. ಆದರೂ ಒಬ್ಬ ಅಪರಿಚಿತ ಹೆಂಗಸು ಹಾಡಹಗಲಿನಲ್ಲಿ ನಿಮ್ಮಿಬ್ಬರದು ಒಂದು ಕಾಮವೋ ಎರಡೋ ಎಂದು ಕೇಳಿದರೆ, ಹೋಳಿ ಹುಣ್ಣಿಮೆಯ ಹೊರತು ಆ ಶಬ್ದವನ್ನು ಬಾಯಿಬಿಟ್ಟು ಹೇಳದ ಊರಿನವನು ಏನು ಮಾಡಬೇಕು?

ಆಕೆ ನನ್ನ ಮುಖ ನೋಡಿ ನಕ್ಕಳು. ಎರಡೂ ಅಂಗೈ ಜೋಡಿಸಿ ಕೆನ್ನೆಗೆ ಇಟ್ಟುಕೊಂಡು ಕಣ್ಣು ಮುಚ್ಚಿ ತೋರಿಸಿದಳು. ಪೋರ್ತುಗೀಸಿನಲ್ಲಿ ಕಾಮ ಎಂದರೆ ಮಂಚ.

ನಾನು ಒಂದು ಎಂದೆ. ಹಾಗೆಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಮಹಾಂತೇಶ ಹೇಳುವುದೇ ಬೇರೆ. ನಾನು ನೆಲ ನೋಡುತ್ತ ನಿಂತಿದ್ದೆನಂತೆ, ಒಂದು ಬೆರಳು ಎತ್ತಿದವನು ಅವನಂತೆ. ಆವತ್ತು ತುಂತುರು ಮಳೆ ಇತ್ತು ಎಂದು ನಾನು ಬರೆದಿದ್ದೇನೆ, ಬಿಸಿಲಿತ್ತು ಎನ್ನುತ್ತಾನೆ ಅವನು. ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಆ ಊರಿನ ಮೊದಲ ದಿನದ ಬಗ್ಗೆ ನಮ್ಮಿಬ್ಬರಿಗೂ ಒಪ್ಪಿಗೆ ಇರುವುದು ಆ ಪ್ರಶ್ನೆಯೊಂದರ ಮೇಲೆ ಮಾತ್ರ.

ಊರ ಕಡೆಯೂ ನಾವು ಸೇರಿ ತಿರುಗಾಡಿದವರೇ. ನಾನು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವನು. ಧಾರವಾಡದಲ್ಲಿ ಎಂ.ಎ. ಮುಗಿಸಿ ಶಿಗ್ಗಾವಿಯಲ್ಲಿ ಕೆಲವು ವರ್ಷ ಕನ್ನಡ ಕಲಿಸಿದೆ. ಮಹಾಂತೇಶ ಹಾನಗಲ್ಲಿನ ಆಚೆಯವನು. ಐ.ಟಿ.ಐ.ನಲ್ಲಿ ಫ್ರಿಜ್ಜು, ಎ.ಸಿ. ರಿಪೇರಿ ಕಲಿತು, ಗೋವಾದಲ್ಲಿ ದುಡಿದು, ಆಮೇಲೆ ಪ್ರವಾಸಿ ಹಡಗುಗಳ ಶೀತಲ ಕೋಣೆಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಆದ. ನಾವು ಮೊದಲು ಮಾತಾಡಿದ್ದು ಸವಣೂರಿನ ಬಸ್‌ಸ್ಟ್ಯಾಂಡಿನ ಹತ್ತಿರ, ಖಾರದ ಅಂಗಡಿಯಲ್ಲಿ. ಕೊನೆಯ ಪೊಟ್ಟಣಕ್ಕೆ ಇಬ್ಬರೂ ಕೈಚಾಚಿದ್ದೆವು. ರಜೆಯಲ್ಲಿ ಅವನು ಬಂದಾಗ ಕಾರವಾರಕ್ಕೆ, ಗೋಕರ್ಣಕ್ಕೆ ಹೋಗುತ್ತಿದ್ದೆವು. ಅಲ್ಲಿಯ ಲಾಡ್ಜುಗಳಲ್ಲಿ ಮಂಚ ಎಷ್ಟು ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ನಮ್ಮೆಲ್ಲರಿಗೂ ಗೊತ್ತಿರುವ ಆ ಇನ್ನೊಂದು ಪ್ರಶ್ನೆ.

"ಇವ್ರು ನಿಮಗ ಏನಾಗ್ಬೇಕ್ರಿ?"

ಕಾಕಾನ ಮಗ ಎನ್ನುತ್ತಿದ್ದೆ. ದೋಸ್ತ ಎನ್ನುತ್ತಿದ್ದೆ. ಒಂದು ಸಲ ಗಡಿಬಿಡಿಯಲ್ಲಿ ಸೋದರಮಾವ ಎಂದುಬಿಟ್ಟೆ. ಮಹಾಂತೇಶ ನನಗಿಂತ ಚಿಕ್ಕವನು. ಲಾಡ್ಜಿನಾತ ಅವನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಮಾವಾರು ಭಾಳ ಎಳೇರು ಅದಾರಲ್ರಿ" ಅಂದ. ಮೆಟ್ಟಿಲು ಹತ್ತುವಾಗ ಮಹಾಂತೇಶ ತನ್ನ ಚೀಲವನ್ನು ನನ್ನ ಹೆಗಲಿಗೆ ಹಾಕಿ, "ಹಿಡಿ ಅಳಿಯಾ, ಮಾವಗ ವಯಸ್ಸಾತು" ಎಂದು ಗಂಭೀರವಾಗಿ ಮುಂದೆ ನಡೆದ. ಆವತ್ತು ನಕ್ಕೆವು. ನಕ್ಕಿದ್ದು ನಾನೊಬ್ಬನೇ ಇರಬಹುದು ಎಂದು ಈಗ ಅನ್ನಿಸುತ್ತದೆ.

ಅವನ ಹಡಗು ಲಿಸ್ಬನ್ನಿಗೆ ಬಂದು ನಿಂತಾಗ ರಜೆ ಹಾಕಿ ಅವನನ್ನು ಕಾಣಲು ಹೋಗಿದ್ದೆ. ಮೇಲೆ ಹೇಳಿದ ಮಳೆಯ ಅಥವಾ ಬಿಸಿಲಿನ ದಿನ ಅದು. ಅದಾದ ಮೇಲೆ ನಾನು ಭಾಷಾಂತರ ಕಲಿಯುವ ನೆಪದಲ್ಲಿ ಇಲ್ಲಿಗೇ ಬಂದೆ. ಅವನು ಹಡಗು ಬಿಟ್ಟು ಬಂದರಿನ ಮೀನಿನ ಶೈತ್ಯಾಗಾರದಲ್ಲಿ ಕೆಲಸ ಹಿಡಿದ. ಲಿಂಗ ಕಟ್ಟಿಕೊಂಡವನು ದಿನವಿಡೀ ಮೀನಿನ ನಡುವೆ ಇದ್ದು, ಸಂಜೆ ಬಂದು ಮೂಲಂಗಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಾನೆ.

ಮನೆ ಹುಡುಕಿಕೊಟ್ಟವಳು ಆ ಕನ್ನಡಕದ ಹೆಂಗಸೇ. ಅವಳ ಹೆಸರು ಲುರ್ದೆಶ್. ಇಲ್ಲಿ ಹಿರಿಯ ಹೆಂಗಸರನ್ನು ದೋನಾ ಸೇರಿಸಿ ಕರೆಯುತ್ತಾರೆ, ನಾವು ಅವ್ವಾರ, ಅಕ್ಕಾರ ಅಂದ ಹಾಗೆ. ಗುಡ್ಡದ ಮೇಲಿನ ಹಳೆಯ ಕಟ್ಟಡದ ತುದಿಯಲ್ಲಿ ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗಿರಬೇಕಾದ ಅಡುಗೆಮನೆ. ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಬಟ್ಟೆ ಒಣಹಾಕಿದರೆ ನಮ್ಮ ಅಂಗಿಯ ನೀರು ಕೆಳಮನೆಯಾತನ ಪ್ಯಾಂಟಿನ ಮೇಲೆ, ಅವನದು ಅದರ ಕೆಳಗಿನವರ ಚಾದರದ ಮೇಲೆ. ಮುಂದೆ ನದಿ. ನದಿ ಎಂದರೆ ವರದೆಯ ಹಾಗಲ್ಲ. ಸಮುದ್ರವನ್ನು ಸೇರುವ ಮುನ್ನ ಆಚೆ ದಡ ಕರಗುವಷ್ಟು ಅಗಲವಾಗಿ ನಿಂತುಬಿಡುತ್ತದೆ. ಆ ಅಗಲಕ್ಕೆ ಇಲ್ಲಿಯವರು ಹುಲ್ಲಿನ ಕಡಲು ಎನ್ನುತ್ತಾರೆ. ಯಾಕೆ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಕಥೆ. ಸಂಜೆಯ ಬಿಸಿಲು ಬಿದ್ದಾಗ ನನಗೆ ಕಥೆ ಬೇಕಾಗುವುದಿಲ್ಲ. ಹಾನಗಲ್ಲಿನ ಕಡೆ ಭತ್ತ ಬಡಿದ ಮೇಲೆ ಕಣದ ತುಂಬ ಹರಡಿದ ಹುಲ್ಲಿನ ಬಣ್ಣವೇ ಅದು. ಅದರ ಮೇಲೆ ಹಡಗುಗಳು ಬಣವೆಗಳ ಹಾಗೆ ನಿಂತಿರುತ್ತವೆ. ಮಂಜು ಕವಿದ ಬೆಳಗ್ಗೆ ಅವು ಕಾಣುವುದಿಲ್ಲ, ಕೂಗುತ್ತವೆ. ಅರೆನಿದ್ದೆಯಲ್ಲಿ ಅದು ಕೊಟ್ಟಿಗೆಯಿಂದ ಬಂದ ದನಿಯೆಂದು ಎದ್ದು ಕೂತದ್ದುಂಟು.

ಭಾಷೆ ಕಲಿತದ್ದು ತರಗತಿಗಿಂತ ಹೆಚ್ಚು ತರಕಾರಿ ಅಂಗಡಿಯಲ್ಲಿ. ಮೊದಲ ವಾರ ಆಲೂಗಡ್ಡೆಯನ್ನು ಬೆರಳಿನಿಂದ ತೋರಿಸಿ ಬಾಯಿಗೆ ಬಂದ ಇಂಗ್ಲಿಷು ಹೇಳುತ್ತಿದ್ದೆ. ಅಂಗಡಿಯಾಕೆ ಬೇಸತ್ತು "ಬತಾತಾ" ಎಂದಳು. ನಾನು "ಬಟಾಟಿ" ಎಂದೆ. ಅವಳು ಹೌದೆಂದು ತಲೆಯಾಡಿಸಿದಳು. ಧಾರವಾಡದ ಹಾಸ್ಟೆಲ್ಲಿನಲ್ಲಿ ಬಟಾಟಿ ಎಂದದ್ದಕ್ಕೆ ದಕ್ಷಿಣದ ಕಡೆಯ ಗೆಳೆಯರು ನಗುತ್ತಿದ್ದರು. ಇಲ್ಲಿ ಆ ಪದಕ್ಕೆ ಮೂರು ಗಡ್ಡೆ ಜಾಸ್ತಿ ಸಿಕ್ಕಿತು. ಆಮೇಲೆ ಒಂದೊಂದೇ ಹೊರಬಿದ್ದವು. ಮೇಜು, ಚಾವಿ, ಬಾಲ್ದಿ, ಟುವಾಲು, ನಾವು ಸಂಬಳಕ್ಕೆ ಅನ್ನುವ ಪಗಾರ. ಗೋವಾದ ದಾರಿಯಲ್ಲಿ ಬಂದು ನಮ್ಮ ಅಡುಗೆಮನೆ, ಪಡಸಾಲೆಗಳಲ್ಲಿ ಎಂದೋ ನೆಲೆಸಿದ ಪದಗಳು. ನಾನು ಈ ಊರಿಗೆ ಬರುವ ಎಷ್ಟೋ ಕಾಲ ಮೊದಲು ಈ ಊರು ನಮ್ಮ ಮನೆಗೆ ಬಂದು ಹೋಗಿತ್ತು. ಇದನ್ನು ನಾನು ಸಮಾಧಾನಕ್ಕೆ ಕಟ್ಟಿಕೊಂಡ ಕಥೆ ಎಂದೂ ಅನ್ನಬಹುದು. ಪರದೇಶದಲ್ಲಿ ಇರುವವನಿಗೆ ಒಂದು ಬಟಾಟಿಯೂ ನೆಂಟನೇ.

ಒಂದು ವಿಷಯ ಮಾತ್ರ ತಲೆಕೆಳಗಾಗಿತ್ತು. ಹಿರೇಕೆರೂರಿನ ಸಂತೆಯಲ್ಲಿ ಇಬ್ಬರು ಗಂಡಸರು ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡು, ಹೆಗಲ ಮೇಲೆ ಕೈ ಹಾಕಿಕೊಂಡು ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ನಾವಿಬ್ಬರೂ ಹಾಗೆ ಎಷ್ಟೋ ಸಲ ನಡೆದಿದ್ದೇವೆ, ಯಾರಿಗೂ ಕಾಣದೆ. ಇಲ್ಲಿ ಮೊದಲ ಸಲ ಕೈ ಹಿಡಿದು ಇಳಿಜಾರು ಇಳಿಯುವಾಗ ಎದುರಿಗೆ ಬಂದ ಹೆಂಗಸು ನಮ್ಮನ್ನು ನೋಡಿ ಮುಗುಳ್ನಕ್ಕಳು. ಅವಳಿಗೆ ನಾವು ಕಂಡಿದ್ದೆವು. ತಟ್ಟನೆ ಕೈ ಕಿತ್ತುಕೊಂಡೆ. ಯಾರೂ ಬೈಯದ ಊರಿನಲ್ಲಿ ಕೈ ಬಿಟ್ಟವನು ನಾನು. "ಸಂತ್ಯಾಗ ಹಿಡೀತಿದ್ದಿ, ಇಲ್ಲಿ ಬಿಡ್ತಿ. ಉಲ್ಟಾ ಮನಷ್ಯಾ" ಎಂದ ಮಹಾಂತೇಶ. ಮತ್ತೆ ಹಿಡಿಯಲು ಒಂದು ಚಳಿಗಾಲ ಬೇಕಾಯಿತು.

ಹಾಗಂತ ಇಲ್ಲಿಯ ಬಿಡುಗಡೆಯಲ್ಲಿ ಕೊರತೆ ಇಲ್ಲವೆಂದಲ್ಲ. ದೋನಾ ಲುರ್ದೆಶ್ ನನ್ನನ್ನು ಸಂಜೆಯ ಹೊತ್ತು ಕೌಂಟರಿನಲ್ಲಿ ಕೂರಿಸಿದಳು. ದೂರದೂರದ ಜೋಡಿಗಳು ಬರುತ್ತವೆ. ಇಬ್ಬರು ಹೆಂಗಸರು, ಇಬ್ಬರು ಮುದುಕರು, ಗಂಡಹೆಂಡಿರು, ಯಾರೆಂದು ನಾನು ಊಹಿಸಬಾರದವರು. ಬಾಗಿಲ ಕಾಮನಬಿಲ್ಲನ್ನು ಬೆರಳಿನಿಂದ ಮುಟ್ಟಿ ಒಳಗೆ ಬರುವವರಿದ್ದಾರೆ, ಗುಡಿಯ ಹೊಸ್ತಿಲು ಮುಟ್ಟಿದ ಹಾಗೆ. ನಾನು ಮಂಚ ಕೇಳುತ್ತೇನೆ, ಚಾವಿ ಕೊಡುತ್ತೇನೆ. ಅಷ್ಟೇ. ಯಾರು ಯಾರಿಗೆ ಏನಾಗಬೇಕು ಎಂದು ಕೇಳುವಂತಿಲ್ಲ. ನಮ್ಮನ್ನೂ ಯಾರೂ ಕೇಳುವುದಿಲ್ಲ. ಊಟ ಆಯಿತೇ ಎಂದೂ ಕೇಳುವುದಿಲ್ಲ. ಮಂಜಿನ ಕೆಲವು ಸಂಜೆಗಳಲ್ಲಿ, ಯಾರಾದರೂ ಬಂದು ಇವನು ನಿನಗೆ ಏನಾಗಬೇಕು ಎಂದು ಕೇಳಲಿ, ನಾನು ಉತ್ತರ ತಡವರಿಸಲಿ ಎಂದು ಅನ್ನಿಸಿದೆ. ಅದನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ.

ಆಗ ಅಕ್ಕ ಬರುತ್ತೇನೆಂದಳು.

ಗಿರಿಜಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ಬೇಗ ಹೋದ ಮೇಲೆ ನನ್ನನ್ನು ಸಾಕಿದವಳು. ಹಾನಗಲ್ಲಿಗೆ ಕೊಟ್ಟ ಮನೆ, ಅಲ್ಲಿಯೇ ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವಳ ಗಂಡನಿಗೆ, ಎಂದರೆ ನಮ್ಮ ಮಾವನಿಗೆ, ಗೊಬ್ಬರದ ಅಂಗಡಿ ಬಿಟ್ಟು ಬರಲು ಆಗದು. ಬೇಸಿಗೆ ರಜೆಯಲ್ಲಿ ಒಬ್ಬಳೇ ಬಂದು ಹೋಗುತ್ತೇನೆ, ಕಾರವಾರದ್ದು ಬಿಟ್ಟು ಬೇರೆ ಸಮುದ್ರ ನೋಡಿಲ್ಲ ಎಂದಳು. ನಾನು ಕುಣಿದಾಡಿದೆ. ಮಹಾಂತೇಶ ಆ ದಿನ ರೊಟ್ಟಿ ಬಡಿಯುತ್ತಿದ್ದವನು ಕೈ ನಿಲ್ಲಿಸಿ ಕೇಳಿದ.

"ಅಕ್ಕಾರಿಗೆ ನಾ ಏನಾಗ್ಬೇಕು ಅಂತ ಹೇಳ್ತಿ?"

"ಸದ್ಯಕ್ಕ ರೂಮ್‌ಮೇಟ್ ಅಂತ ಹೇಳೂಣು. ಆಮ್ಯಾಲ ಸಾವಕಾಶ..."

"ಲಾಡ್ಜಿನ್ಯಾಗ ಕಾಕಾನ ಮಗ ಆದೆ, ಮಾವ ಆದೆ, ಆಗ್ಲಿ. ಅದು ಮಂದಿ ಮನಿ. ಇದು ನಮ್ಮನಿ. ನನ್ನ ಮನ್ಯಾಗ ನಾನ ಬಾಡಿಗಿ ಮನಷ್ಯಾ ಆಗಂಗಿಲ್ಲ."

ಹಿಟ್ಟಿನ ಕೈ ತೊಳೆದುಕೊಂಡು ಬಂದು ಮೇಜಿನ ಎದುರು ಕೂತ. ಹಳೆಯ ಹಡಗಿನವರು ಅವನನ್ನು ಮತ್ತೆ ಕರೆಯುತ್ತಿದ್ದರು. ಉತ್ತರ ಹೇಳಬೇಕಿತ್ತು.

"ಅಕ್ಕಾರು ಬಂದು ಹೋಗೂತನಕ ಕಾಯ್ತೇನಿ. ಅಷ್ಟರಾಗ ಅವ್ರಿಗೆ ಹೇಳಿದ್ರ ಇಲ್ಲೇ ಇರ್ತೇನಿ. ಇಲ್ಲಂದ್ರ ಹಡಗಾ ಹತ್ತತೇನಿ. ಸಿಟ್ಟಿಲ್ಲ ಈರಣ್ಣ. ದಣಿದೇನಿ, ಅಷ್ಟ."

ನಾನು ಹೂಂ ಎಂದೆ. ಮರುದಿನ ದೋನಾ ಲುರ್ದೆಶ್ ಹತ್ತಿರ ಹೋಗಿ ಮಡಚುವ ಮಂಚವೊಂದನ್ನು ಎರವಲು ಕೇಳಿದೆ.

"ಯಾಕೆ, ಜಗಳವೇ?" ಎಂದಳು.

"ಅಕ್ಕ ಬರುತ್ತಿದ್ದಾಳೆ."

"ಅಕ್ಕನಿಗೆ ಒಂದು ಮಂಚ, ನಿಮಗೆ ಒಂದು. ಮನೆಯಲ್ಲಿ ಒಂದಿದೆ, ಇದು ಎರಡನೆಯದು. ಹಾಗೇ ತಾನೆ?"

"ಅಲ್ಲ. ನಮ್ಮಲ್ಲಿ ಒಬ್ಬ ಮಂಚದ ಮೇಲೆ, ಒಬ್ಬ ನೆಲದ ಮೇಲೆ."

ಆಕೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಉಗ್ರಾಣದ ಚಾವಿ ಕೊಟ್ಟಳು.

ಮನೆ ಸಿದ್ಧವಾಯಿತು. ದೊಡ್ಡ ಮಂಚದ ಕೋಣೆ ಅಕ್ಕನಿಗೆ. ಹೊರಕೋಣೆಯಲ್ಲಿ ಮೇಜಿನ ಈಚೆ ನನ್ನ ಮಡಚುವ ಮಂಚ, ಆಚೆ ಗೋಡೆಯ ಬಳಿ ಮಹಾಂತೇಶನ ಹಾಸಿಗೆ. ನಾವಿಬ್ಬರೇ ಇದ್ದ ಫೋಟೊ ಕಪಾಟು ಸೇರಿತು. ಹಲ್ಲುಜ್ಜುವ ಬ್ರಷ್ಷುಗಳನ್ನೂ ಬೇರೆ ಬೇರೆ ಲೋಟದಲ್ಲಿ ಇಟ್ಟೆ. ಮಹಾಂತೇಶ ಬಾಗಿಲಿಗೆ ಒರಗಿ ನೋಡುತ್ತಿದ್ದ. "ಭಾಳ ಚಲೋ ಲಾಡ್ಜ್ ಮಾಡಿ ನೋಡು" ಎಂದ.

ಅಕ್ಕ ಬಂದಳು. ವಿಮಾನ ನಿಲ್ದಾಣದ ಬಾಗಿಲಲ್ಲಿ ಇಳಕಲ್ ಸೀರೆ, ಮೇಲೊಂದು ಸ್ವೆಟರು, ಕಾಲಿಗೆ ಬೂಟು. ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಸವಣೂರಿನ ಖಾರ. ಮಹಾಂತೇಶ ಬಗ್ಗಿ ಕಾಲು ಮುಟ್ಟಿದ.

"ಇರ್ಲಿ ಬಿಡ್ರಿ. ನೀವ ಏನು ಮಹಾಂತೇಶ ಅಂದ್ರ? ವಿಡಿಯೋ ಕಾಲಿನ್ಯಾಗ ಹಿಂದ ಹಿಂದ ಓಡಿ ಹೋಗ್ತಿದ್ದವ್ರು?"

"ಹೌದ್ರಿ ಅಕ್ಕಾರ. ಅರ್ಧ ಮಾರಿ ಅಷ್ಟ ನೋಡಿರಿ."

"ಉಳಿದ ಅರ್ಧನೂ ಪಾಡ ಐತಿ ಬಿಡ್ರಿ" ಎಂದು ನಕ್ಕಳು.

ಮೊದಲೆರಡು ದಿನ ಅವಳು ಅವನಿಗೆ ಬರ್ರಿ, ಕುಂಡ್ರಿ, ಉಣ್ರಿ ಎಂದೇ ಮಾತಾಡಿದಳು. ಹೊರಗಿನವರಿಗೆ ಆಡುವ ಮಾತು ಅದು. ಆಮೇಲೆ ಒಂದು ಮಧ್ಯಾಹ್ನ ಅಡುಗೆಮನೆಯಿಂದ ಎರಡು ಕೈಗಳ ರೊಟ್ಟಿ ಬಡಿತ ಕೇಳಿಸಿತು. ಕೆಳಮನೆಯಾತ ಏನೋ ಒಡೆಯುತ್ತಿದ್ದಾರೆಂದು ಹೆದರಿ ಮೇಲೆ ಬಂದ, ಒಂದು ರೊಟ್ಟಿ ಹಿಡಿದುಕೊಂಡು ಇಳಿದ. ಅಕ್ಕ ಮಹಾಂತೇಶನ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಯಪ್ಪಾ, ಇದರಾಗಿಂದ ಹಡಗಾ ಕಾಣತೈತಿ. ನಿಮ್ಮವ್ವ ಕಲಿಸಿದ್ರೇನು?"

"ಹೌದ್ರಿ."

"ಇನ್ನೊಂದು ಬಡಿ. ಅಂಚು ಸೀಳಬಾರದು ನೋಡು."

ಬಡೀರಿ ಅನ್ನಲಿಲ್ಲ. ಬಡಿ ಎಂದಳು. ಅವತ್ತಿನಿಂದ ಮಹಾಂತೇಶ ಅವಳಿಗೆ ನೀನಾದ. ಚಹಾ ಕುಡಿ, ಸ್ವೆಟರ್ ಹಾಕ್ಕೋ, ನಿನ್ನ ಅಂಗಿ ಮೀನ ನಾರತೈತಿ, ತೆಗದು ಒಗಿ. ಬೈಸಿಕೊಂಡಾಗಲೆಲ್ಲ ಅವನ ಮುಖದಲ್ಲಿ ಒಂದು ಬೆಳಕು. ನನಗೂ ಧೈರ್ಯ ಬಂತು. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ.

ಮೂವರೂ ದೋಣಿಯಲ್ಲಿ ಆಚೆ ದಡಕ್ಕೆ ಹೋದೆವು. ಎದುರಿನ ಬೆಂಚಿನಲ್ಲಿ ಇಬ್ಬರು ಮುದುಕರು. ಒಬ್ಬ ಇನ್ನೊಬ್ಬನ ಕುತ್ತಿಗೆಗೆ ಮಫ್ಲರ್ ಸುತ್ತಿ, ತುದಿಯನ್ನು ಕೋಟಿನೊಳಗೆ ತುರುಕಿ, ಮೇಲೆ ಎರಡು ಸಲ ತಟ್ಟಿದ. ಅಕ್ಕ ಅದನ್ನೇ ನೋಡುತ್ತಿದ್ದಳು.

"ಅಣ್ಣತಮ್ಮರೇನು?"

"ಇರಬಹುದು" ಎಂದೆ.

ಮಹಾಂತೇಶ ನೀರಿನ ಕಡೆ ಮುಖ ತಿರುಗಿಸಿದ.

ಹಿಂದಿರುಗುವಾಗ ನಾನು ಕೆಲಸ ಮಾಡುವ ಮನೆಯ ಮುಂದೆ ನಿಂತೆವು. ಅಕ್ಕ ಬಾಗಿಲ ಗಾಜು ನೋಡಿದಳು. "ಈ ಊರಾಗ ಸಿಕ್ಕಸಿಕ್ಕಲ್ಲೆ ಕಾಮನಬಿಲ್ಲು ಹಚ್ಚ್ಯಾರಲ್ಲ. ಇದೇನು ಸಣ್ಣ ಮಕ್ಕಳ ಸಾಲಿ ಏನು?"

"ಎಲ್ಲಾರೂ ಬರ್ರಿ ಅನ್ನೂ ಗುರುತು ಅಕ್ಕ."

"ಎಲ್ಲಾರೂ ಅಂದ್ರ ಯಾರು?"

"ಎಲ್ಲಾರೂ."

"ಮಾಸ್ತರಿಕಿ ಮಾಡಿದಾಂವ ನೀ. ಒಂದು ಉದಾಹರಣಿ ಕೊಡು."

ಉದಾಹರಣೆ ನನ್ನ ಎಡಕ್ಕೆ, ಕೈಯಳತೆಯಲ್ಲಿ ನಿಂತಿತ್ತು. ನಾನು ಬಾಗಿಲು ತಳ್ಳಿ, ಒಳಗೆ ಬಾ, ಕಾಫಿ ಕುಡಿಯೋಣ ಎಂದೆ.

ಅದರ ಮರುದಿನ ಬೆಳಗ್ಗೆ ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೋಣೆಯಿಂದ ಹೊರಗೆ ಬಂದಳು. "ನಡಾ ಹಿಡಕೊಂಡೈತಿ" ಎಂದಳು. ಮಹಾಂತೇಶ ಮುಲಾಮು ತರಲು ಎದ್ದ.

"ಬ್ಯಾಡ್ರಿ, ನೀವು ಕುಂಡ್ರಿ. ಚಹಾ ತಗೋರಿ."

ಅವನು ಕೈಯಲ್ಲಿ ಕಪ್ಪು ಹಿಡಿದುಕೊಂಡು ನಿಂತೇ ಇದ್ದ. ಆ ಬೆಳಗ್ಗೆಯೆಲ್ಲ ಹಾಗೇ ನಡೆಯಿತು. ನಾಷ್ಟಾ ಮಾಡ್ರಿ. ಕೆಲಸಕ್ಕ ಹೊತ್ತಾಗಂಗಿಲ್ಲೇನ್ರಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಭಯವಾಯಿತು. ಮಹಾಂತೇಶ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದ.

"ಕೇಳಿದಿಲ್ಲೋ? ರಿ ವಾಪಸ್ ಬಂತು."

"ನಡಾ ನೋವಿನ್ಯಾಗ ಸುಮ್ನ ಬಂದಿರ್ಬೇಕು."

"ನಮ್ಮ ಕಡೆ ನೀ ಅಂದವ್ರು ಸುಮ್ಸುಮ್ನ ರಿ ಹಚ್ಚಂಗಿಲ್ಲ. ಸಂಬಂಧ ಕಡಕೊಂಡಾಗ ಹಚ್ಚತಾರ. ಅವ್ರಿಗೆ ಗೊತ್ತಾಗೈತಿ. ನೀ ಹೇಳ್ಲಿಲ್ಲ, ಅವ್ರ ತಿಳ್ಕೊಂಡ್ರು, ದೂರ ಇಟ್ರು. ಮುಗೀತು."

ಜಾಕೀಟು ಹಾಕಿಕೊಂಡ. "ಬಂದರಿಗೆ ಹೋಗ್ತೇನಿ. ಹಡಗಿನವ್ರಿಗೆ ಫೋನ್ ಹಚ್ಚಬೇಕು." ಅಕ್ಕನಿಗೆ ಬರ್ತೇನ್ರಿ ಎಂದು ಹೇಳಿಯೇ ಹೋದ. ಅವನ ಬೂಟಿನ ಸದ್ದು ಮರದ ಮೆಟ್ಟಿಲುಗಳ ಮೇಲೆ ಇಳಿಯುತ್ತ ಇಳಿಯುತ್ತ ಸಣ್ಣದಾಯಿತು.

ಕೋಣೆಗೆ ಹೋದೆ. ಅಕ್ಕ ಮಂಚದ ಚಾದರ ತೆಗೆದು ಹಾಸಿಗೆಯ ಒಂದು ಮೂಲೆ ಎತ್ತಿ ಹಿಡಿದಿದ್ದಳು. "ಆ ಕಡೆ ಹಿಡಿ. ತಿರುವಿ ಹಾಕೂಣು" ಎಂದಳು. ನಾನು ಹಿಡಿಯಲಿಲ್ಲ.

"ಅಕ್ಕ, ಮಹಾಂತೇಶಗ ಯಾಕ ರಿ ಅನ್ನಾಕತ್ತಿ?"

"ಮತ್ತೇನನ್ನಬೇಕು?"

"ನಿನ್ನೆ ತನಕ ನೀ ಅಂತಿದ್ದಿ."

"ನಿನ್ನೆ ತನಕ ಖಾತ್ರಿ ಇರಲಿಲ್ಲ." ಎತ್ತಿದ ಮೂಲೆಯನ್ನು ಕೆಳಗಿಟ್ಟು ಹಾಸಿಗೆಯ ಮೇಲೆ ಅಂಗೈ ಆಡಿಸಿದಳು. "ಈ ಗಾದ್ಯಾಗ ಎರಡು ತೆಗ್ಗು ಅದಾವ. ನಡುವ ಒಂದು ದಿಬ್ಬ. ಇತ್ತಾಗ ಹೊಳ್ಳಿದ್ರ ಒಂದರಾಗ ಬೀಳ್ತೇನಿ, ಅತ್ತಾಗ ಹೊಳ್ಳಿದ್ರ ಇನ್ನೊಂದರಾಗ. ಬಂದಾಗಿಂದ ದಿಬ್ಬದ ಮ್ಯಾಲ ಮಕ್ಕೊಂಡು ನಡಾ ಹೋತು. ಹತ್ತಿ ಬೆಳಿಯೂ ಊರಾಗ ಹುಟ್ಟಿದಾಕಿ ನಾನು. ಗಾದಿ ಒಂದು ರಜಾದಾಗ ಹಿಂಗ ಕುಸಿಯಂಗಿಲ್ಲ. ನನ್ನದು, ನಿಮ್ಮ ಮಾವಂದು ಹಿಂಗ ಆಗಾಕ ವರ್ಷಗಟ್ಲೆ ಹಿಡದೈತಿ."

ಫೋಟೊ ಬಚ್ಚಿಟ್ಟಿದ್ದೆ, ಬ್ರಷ್ಷು ಬೇರೆ ಮಾಡಿದ್ದೆ. ಕಣ್ಣಿಗೆ ಕಾಣುವುದನ್ನೆಲ್ಲ ತೆಗೆದಿಟ್ಟು, ಮೈಗೆ ತಾಗುವುದನ್ನು ಹಾಗೇ ಬಿಟ್ಟಿದ್ದೆ.

ಹೇಳಬೇಕಾದ ಮಾತನ್ನು ಎಷ್ಟೋ ತಿಂಗಳಿಂದ ಮನಸ್ಸಿನಲ್ಲಿ ಬರೆದು ತಿದ್ದಿದ್ದೆ. ಪುಸ್ತಕದ ಕನ್ನಡದಲ್ಲಿ ಅದಕ್ಕೆ ಪದಗಳಿವೆ. ಪತ್ರಿಕೆಯಲ್ಲಿ ಓದಿದ್ದೇನೆ, ತರಗತಿಯಲ್ಲಿ ಭಾಷಾಂತರಿಸಿದ್ದೇನೆ. ಅಕ್ಕನ ಎದುರಿಗೆ ಆ ಪದಗಳು ಯಾರದೋ ಕೋಟು ಹಾಕಿಕೊಂಡ ಹಾಗೆ ಅನ್ನಿಸಿದವು. ಬಾಯಿಗೆ ಬಂದದ್ದು ಬೇರೆ.

"ಅವ ರೂಮ್‌ಮೇಟ್ ಅಲ್ಲ ಅಕ್ಕ. ನಾವಿಬ್ಬರೂ ಸಂಸಾರ ಮಾಡಾಕತ್ತೇವಿ."

ಅಕ್ಕ ತಲೆದಿಂಬನ್ನು ಎತ್ತಿ ಕೊಡವಿದಳು. ಮತ್ತೆ ಕೊಡವಿದಳು. ಹೊರಗೆ ಯಾವುದೋ ಹಡಗು ಉದ್ದವಾಗಿ ಕೂಗಿತು.

"ನನಗಿದು ಪೂರ್ತಾ ತಿಳೀವಲ್ದು, ತಮ್ಮಾ. ತಿಳದೈತಿ ಅಂತ ಸುಳ್ಳು ಹೇಳಂಗಿಲ್ಲ. ನಿನ್ನ ಮದುವಿ ನೋಡಬೇಕಂತ ಆಸೆ ಇತ್ತು. ಅದಕ್ಕ ಒಂದೀಟು ಅಳ್ತೇನಿ, ಊರಿಗೆ ಹೋದ ಮ್ಯಾಲ ಅಳ್ತೇನಿ." ದಿಂಬನ್ನು ಅದರ ಜಾಗದಲ್ಲಿ ಇಟ್ಟಳು. "ರಿ ಯಾಕಂದ್ರ, ಬೀಗರಿಗೆ ಏಕವಚನ ಹಚ್ಚೂ ರೂಢಿ ನಮ್ಮ ಮನ್ಯಾಗ ಯಾವಾಗರ ಇತ್ತೇನು?"

ಕನ್ನಡ ಎಂ.ಎ. ಮಾಡಿದವನಿಗೆ ಆ ವಾಕ್ಯ ಅರ್ಥವಾಗಲು ಹೊತ್ತು ಹಿಡಿಯಿತು. ರಿ ದೂರದವರಿಗೆ ಹಚ್ಚುತ್ತೇವೆ, ನಿಜ. ಮನೆಗೆ ಸಂಬಂಧ ಬೆಳೆಸಿದವರಿಗೂ ಹಚ್ಚುತ್ತೇವೆ, ಅವರು ವಯಸ್ಸಿನಲ್ಲಿ ಎಷ್ಟೇ ಚಿಕ್ಕವರಿರಲಿ. ಅಕ್ಕ ಮಹಾಂತೇಶನನ್ನು ತಮ್ಮನ ಸಾಲಿನಿಂದ ಎಬ್ಬಿಸಿ ಬೀಗರ ಸಾಲಿನಲ್ಲಿ ಕೂರಿಸಿದ್ದಳು. ಹಾನಗಲ್ಲಿನವನೂ ಚಿಕ್ಕೇರೂರಿನವನೂ ಕೂಡಿ ಆ ಒಂದು ಅಕ್ಷರವನ್ನು ತಪ್ಪಾಗಿ ಓದಿದ್ದೆವು.

"ಆದ್ರ ಊರಾಗ ಇದು ನನ್ನ ಬಾಯಿಂದ ಹೊರಡಂಗಿಲ್ಲ" ಎಂದಳು ಅಕ್ಕ. "ನಿಮ್ಮ ಮಾವಗೂ ಹೇಳಂಗಿಲ್ಲ. ಈಗ ನನ್ನ ಕೈಲೆ ಆಗೂದು ಇಷ್ಟ. ಹೋಗು, ಅವ್ರನ್ನ ಕರ್ಕೊಂಡು ಬಾ. ಚಹಾನೂ ಕುಡೀಲಿಲ್ಲ."

ನಾನು ಇಳಿಜಾರಿನಲ್ಲಿ ಓಡಿದೆ. ಬರಿಗಾಲಲ್ಲಿ ಬಂದಿದ್ದೆ ಎನ್ನುತ್ತಾನೆ ಮಹಾಂತೇಶ. ಚಪ್ಪಲಿ ಇತ್ತೆಂದು ನನ್ನ ನೆನಪು. ದೋಣಿಕಟ್ಟೆಯ ಬೆಂಚಿನ ಮೇಲೆ ಅವನು ಫೋನು ಹಿಡಿದು ಕೂತಿದ್ದ. ಹುಲ್ಲಿನ ಕಡಲಿನ ಮೇಲೆ ಬಿಸಿಲು ಬಂದಿತ್ತು.

"ಹಚ್ಚಿದಿ?"

"ಹಚ್ಚಿದ್ದೆ. ಯಾರೂ ಎತ್ತಲಿಲ್ಲ. ಮತ್ತ ಹಚ್ಚತೇನಿ."

"ಬ್ಯಾಡ. ಹೇಳಿದೆ ನಾ. ಸಂಸಾರ ಮಾಡಾಕತ್ತೇವಿ ಅಂತ ಹೇಳಿದೆ. ಆ ರಿ ಕಡಕೊಂಡ ರಿ ಅಲ್ಲಂತ. ಬೀಗರ ರಿ ಅಂತ."

ಅವನು ಫೋನನ್ನು ಜೇಬಿಗೆ ಹಾಕಿದ. ಕಣ್ಣೊರೆಸಿಕೊಂಡನೋ, ಬಿಸಿಲಿಗೆ ಕೈ ಅಡ್ಡ ಹಿಡಿದನೋ, ನಾನು ಕೇಳಿಲ್ಲ. ಕೊನೆಗೆ ಎದ್ದು ಜಾಕೀಟು ಸರಿಮಾಡಿಕೊಂಡ.

"ಹಂಗಾದ್ರ ಒಂದೀಟು ಮರ್ಯಾದಿಯಿಂದ ನಡಿಸು. ಬೀಗರನ್ನ ಕರ್ಯಾಕ ಯಾರರ ಹಿಂಗ ತೇಕ್ಕೋತ ಬರ್ತಾರೇನು?"

ಹತ್ತುವಾಗ ಅವನು ಕೈ ಚಾಚಿದ. ನಾನು ಹಿಡಿದೆ. ಗುಡ್ಡದ ತುದಿಯ ಕಿಟಕಿಯಲ್ಲಿ ಇಳಕಲ್ ಸೆರಗು ಕಂಡಿತು. ಬಿಡಬೇಕೆನ್ನಿಸಿತು, ಬಿಡಲಿಲ್ಲ.

ಆ ಸಂಜೆ ಅಕ್ಕ ಕಿಟಕಿಯ ಹತ್ತಿರ ಕೂತು ಊರಿನ ನೆರೆಮನೆಯ ನೀಲವ್ವನೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. ನೀಲವ್ವನ ದನಿ ಮನೆಯ ತುಂಬ ಕೇಳಿಸುತ್ತಿತ್ತು.

"ಎಲ್ಲಿ ಇಳಕೊಂಡೀರಿ ಟೀಚರ್ರ? ಹೋಟೆಲ್ಲೇನು?"

"ಇಲ್ಲವಾ, ಬೀಗರ ಮನ್ಯಾಗ."

"ಅಷ್ಟು ದೂರ ನಿಮಗ ಯಾ ಬೀಗರ್ರಿ?"

ಅಕ್ಕ ನಮ್ಮ ಕಡೆ ನೋಡಲಿಲ್ಲ. "ದೂರದ ಬೀಗರವಾ" ಎಂದಳು.

ಉಳಿದ ದಿನಗಳು ಮಡಚುವ ಮಂಚದ ಮೇಲೆ ಅಕ್ಕನೇ ಮಲಗಿದಳು. ಆ ದಿಬ್ಬಕ್ಕಿಂತ ಇದು ಪಾಡು ಎಂದು ಹಟ ಹಿಡಿದಳು. ಅವಳು ಹೋದ ಮೇಲೆ ಅದನ್ನು ಹೊತ್ತುಕೊಂಡು ಹೋಗಿ ಕೊಟ್ಟೆ. ದೋನಾ ಲುರ್ದೆಶ್ ಏನನ್ನೂ ಕೇಳಲಿಲ್ಲ. ಅವಳು ಕೇಳಿದ್ದರೆ ಎಷ್ಟೋ ಹೇಳುತ್ತಿದ್ದೆ. ಹಡಗಿನವರೇ ಮತ್ತೆ ಫೋನು ಮಾಡಿದಾಗ ಮಹಾಂತೇಶ, ಮನೆಯಲ್ಲಿ ಒಪ್ಪುತ್ತಿಲ್ಲ ಎಂದು ಉತ್ತರ ಕೊಟ್ಟ.

ಈಗಲೂ ಸಂಜೆ ಕೌಂಟರಿನಲ್ಲಿ ಕೂರುತ್ತೇನೆ. ಹೊಸಬರು ಬಾಗಿಲ ಕಾಮನಬಿಲ್ಲಿನ ಕೆಳಗೆ ಹಾದು ಬರುತ್ತಾರೆ. ಊಮ ಕಾಮ, ಓ ದೂಅಶ್ ಎನ್ನುತ್ತೇನೆ. ಕೇಳಿದಾಗಲೆಲ್ಲ ಒಳಗೆ ಇನ್ನೊಂದು ಪ್ರಶ್ನೆಯೂ ಎದ್ದು ನಿಲ್ಲುತ್ತದೆ, ಇವ್ರು ನಿಮಗ ಏನಾಗ್ಬೇಕ್ರಿ. ಅದನ್ನು ನುಂಗಿಕೊಂಡು ಚಾವಿ ಕೊಡುತ್ತೇನೆ. ಒಂದು ಊರು ಕೇಳದೆ ಜಾಗ ಕೊಟ್ಟಿತು, ಇನ್ನೊಂದು ಕೇಳಿ ಕೇಳಿ ಜೀವ ತಿಂದಿತು. ಕೇಳಿದ ಊರಿನಿಂದಲೇ ಒಂದು ಉತ್ತರವೂ ಬಂತು. ಎರಡರಲ್ಲಿ ಯಾವುದು ನನ್ನದು ಎಂದು ಕೇಳಿದರೆ ನಾನು ತಡವರಿಸುತ್ತೇನೆ.

ಮೊನ್ನೆ ಅಕ್ಕನ ಧ್ವನಿಸಂದೇಶ ಬಂತು. ಊಟ ಮಾಡುತ್ತ ಇಬ್ಬರೂ ಕೇಳಿದೆವು.

"ತಮ್ಮಾ, ಹಿರೇಕೆರೂರಿಂದ ಹೊಸಾ ಹತ್ತಿ ಅಳ್ಳಿ ತರಿಸಿ ಗಾದಿ ಮಾಡಿಸಿದೆ. ನೀವಿಬ್ಬರೂ ಬರ್ತೀರಲ್ಲ, ಅದಕ್ಕ. ಒಂದ ದೊಡ್ಡದು ಮಾಡಸ್ಬೇಕಂತಿದ್ದೆ. ಗಾದಿ ಮಾಡಾಂವ ಇಷ್ಟು ದೊಡ್ಡದು ಯಾರಿಗ್ರಿ ಟೀಚರ್ರ ಅಂತ ಕೇಳಿದ. ಏನ ಹೇಳ್ಲಿ? ಎರಡು ಸಣ್ಣವ ಮಾಡಿಸಿದೆ. ಒಂದರ ಬಾಜೂಕ ಒಂದು ಹಾಸಿದ್ರ ಒಂದ ಆಗತಾವ. ಯಾರರ ಬಂದ್ರ ದೂರ ಸರಸಾಕೂ ಬರತೈತಿ. ಬೀಗರಿಗೆ ಕೇಳಿದೆ ಅಂತ ಹೇಳು."

ಮಹಾಂತೇಶ ಅದನ್ನು ಮತ್ತೊಮ್ಮೆ ಹಾಕಿ ಕೇಳಿದ. ನಾವಿನ್ನೂ ಊರಿಗೆ ಹೋಗಿಲ್ಲ. ಹಾನಗಲ್ಲಿನ ಅಟ್ಟದ ಮೇಲೆ ಆ ಎರಡು ಗಾದಿಗಳು, ಯಾರೂ ಮಲಗದೆ, ಒಂದೂ ತೆಗ್ಗಿಲ್ಲದೆ, ಸುತ್ತಿಟ್ಟ ಹಾಗೇ ಇವೆ.

"ಅಕ್ಕಾರದು ಗಣಿತಾ ಅಲ್ಲ?" ಎಂದ ಮಹಾಂತೇಶ, ರೊಟ್ಟಿ ಮುರಿಯುತ್ತ. "ಅವ್ರ ಲೆಕ್ಕದಾಗ ಇದು ಒಂದು ಕಾಮ ಆತೋ, ಎರಡೋ?"